ಉಯಿಲಿನಲ್ಲಿ ಬಂದ ಮನುಷ್ಯರು

ಸತ್ಕಾರ್ಯಕ್ಕೆಂದು ಬಂದ ಆಸ್ತಿಯೆಲ್ಲ ಪವಿತ್ರವೇ? ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದ ಕಾಡ್ರಿಂಗ್ಟನ್ ಕಬ್ಬಿನ ತೋಟಗಳ ಕಥೆ ಕೇಳಿ.

1710ರಲ್ಲಿ ನಿಧನನಾದ ಅವುಗಳ ಒಡೆಯ ಕ್ರಿಸ್ಟೋಫರ್ ಕಾಡ್ರಿಂಗ್ಟನ್, ಎರಡು ತೋಟಗಳನ್ನೂ ಗುಲಾಮರ ಸಮೇತ ಇಂಗ್ಲೆಂಡಿನ ಆಂಗ್ಲಿಕನ್ ಸುವಾರ್ತಾ ಪ್ರಸಾರ ಸಂಘಕ್ಕೆ ಬರೆದಿಟ್ಟ. ಕಾಲೇಜು ಕಟ್ಟಬೇಕು, ತೋಟಗಳಲ್ಲಿ ಸದಾ 300 ಗುಲಾಮರಾದರೂ ಇರಬೇಕು ಎಂಬುದು ಉಯಿಲಿನ ಷರತ್ತು. ಸುವಾರ್ತೆ ಸಾರಬೇಕಾದ ಸಂಘವೇ ಒಡೆಯನಾಯಿತು; ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂಬ ಮುದ್ರೆ ಒತ್ತಲಾಯಿತು.

ಬ್ರಿಟಿಷ್ ಸಂಸತ್ತಿನ 1833ರ ಕಾಯಿದೆ ಗುಲಾಮಗಿರಿಯನ್ನು ರದ್ದುಪಡಿಸಿದಾಗ, 411 ಗುಲಾಮರಿಗಾಗಿ ಸಂಘಕ್ಕೆ 8,823 ಪೌಂಡು ಪರಿಹಾರ ಸಿಕ್ಕಿತು. ದುಡಿದವರಿಗೆ ಕಾಸೂ ಇಲ್ಲ! ಇಂಗ್ಲೆಂಡಿನ ಸಭೆ ಕ್ಷಮೆ ಕೇಳಿದ್ದು 2006ರಲ್ಲಿ. ಸಂಘದ ಉತ್ತರಾಧಿಕಾರಿ ಸಂಸ್ಥೆ ಆ ಗುಲಾಮರ ವಂಶಜರಿಗಾಗಿ 70 ಲಕ್ಷ ಪೌಂಡು ತೆಗೆದಿಡುವುದಾಗಿ ಘೋಷಿಸಿದ್ದು 2023ರಲ್ಲಿ.

ಇದು ಪರರ ಸಭೆಯ ಕಥೆಯೆಂದು ನೀವು ನಿರಾಳರಾಗಬೇಡಿ. ನಮ್ಮ ಯೇಸುಸಭೆಯ ಗುರುಗಳೂ 1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ 272 ಗುಲಾಮರನ್ನು ಮಾರಿದ್ದರು.

ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಅನ್ಯಾಯದ ಗಳಿಕೆ ಶುದ್ಧವಾಗದು. ಪಶ್ಚಾತ್ತಾಪವೆಂದರೆ ಬರಿಯ ಮಾತಲ್ಲ, ಕಸಿದುಕೊಂಡದ್ದನ್ನು ಹಿಂದಿರುಗಿಸುವುದು. ನಿಮ್ಮ ಮನೆಯಲ್ಲಿ ದುಡಿಯುವವರ ಕೂಲಿ ಸಂದಿದೆಯೇ? ಇಂದು ರಾತ್ರಿ ಊಟದ ವೇಳೆ ಮಕ್ಕಳೊಡನೆ ಮಾತಾಡಿ.