ಇವತ್ತ ಯಾಕ ಬಂದ್ರಿ?

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಮರುವರ್ಷ ನಾನು ಬೆಟಗೇರಿಯಲ್ಲಿ ಚಟ ಬಿಡಿಸುವ ಕೇಂದ್ರವೊಂದಕ್ಕೆ ಆಪ್ತಸಮಾಲೋಚಕನಾಗಿ ಸೇರಿದೆ. ‘ಇನ್ನ ನಿನ್ನ ಕಡೆ ಯಾರ ಬರ್ತಾರಲೇ’ ಎಂದು ಗೆಳೆಯರು ನಕ್ಕರು. ಪಾಕೀಟು ಹೋದ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು. ಬರುವವರ ಸಾಲು ಕರಗಲಿಲ್ಲ. ಆ ಸಾಲು ನನಗೆ ಕಲಿಸಿದ್ದರಲ್ಲಿ ಕೆಲವನ್ನು ಹೇಳುತ್ತೇನೆ. ಹೆಸರು, ಓಣಿ ಬಿಟ್ಟಿದ್ದೇನೆ.

1. ಕುಡಿತ ಬಿಡಬೇಕೆಂದು ಬರುವವರು ಬಹಳ ಕಡಿಮೆ

ಫಿಟ್ಸ್ ಬಂತೆಂದು ಬರುತ್ತಾರೆ. ಕಾಮಣಿ ಆಗಿದೆಯೆಂದು, ನೌಕರಿಯಿಂದ ನೋಟಿಸು ಬಂದಿದೆಯೆಂದು, ಮಗಳನ್ನು ನೋಡಲು ಬೀಗರು ಬರುವವರಿದ್ದಾರೆಂದು ಬರುತ್ತಾರೆ. ಮೊದಲ ವರ್ಷಗಳಲ್ಲಿ ನಾನು ‘ಎಷ್ಟು ಕುಡಿತೀರಿ, ಎಂದಿನಿಂದ’ ಎಂದು ಶುರು ಮಾಡುತ್ತಿದ್ದೆ. ಸಿಗುತ್ತಿದ್ದದ್ದು ಸುಳ್ಳು ಲೆಕ್ಕ. ಈಗ ಮೊದಲು ಕೇಳುವುದು ಒಂದೇ: ‘ಇವತ್ತ ಯಾಕ ಬಂದ್ರಿ?’

ಒಬ್ಬ ನೇಕಾರ ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ. ‘ಕೈ ನಡಗ್ತಾವ್ರಿ ಸರ. ಎಳಿ ಹರದ್ರ ಕೂಡಸಾಕ ಆಗವಲ್ದು. ಮುಂಜಾನಿ ಆರಕ್ಕ ತೊಂಬತ್ತು ಹಾಕ್ಕೊಂಡ್ರ ಕೈ ನಿಂದರ್ತಾವ್ರಿ.’ ರಾತ್ರಿಯ ಅಮಲು ಇಳಿದಾಗ ಬರುವ ನಡುಕಕ್ಕೆ ಮುಂಜಾನೆಯ ತೊಂಬತ್ತು ಎಂ.ಎಲ್. ಅವನ ಮದ್ದು. ಲಾಳಿ, ಕಂಡಕಿಯ ಹಾಗೆ ಅದೂ ಮಗ್ಗದ ಸಾಮಾನಾಗಿತ್ತು. ನಾನು ಲಿವರಿನ ಚಿತ್ರ ತೋರಿಸಿದೆ, ಸಂಸಾರದ ಮಾತಾಡಿದೆ. ಗೋಡೆ ನೋಡುತ್ತ ಕೂತಿದ್ದ. ಡಾಕ್ಟರರ ಗುಳಿಗೆಯಿಂದ ಐದಾರು ದಿನಕ್ಕೆ ನಡುಕ ಇಳಿಯಿತು. ಆ ಮುಂಜಾನೆ ಟವೆಲ್ಲಿನ ಅಂಚಿನಿಂದ ಎರಡು ಎಳೆ ಕಿತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಗಂಟು ಹಾಕಿ, ಹಿಗ್ಗಿಸಿ ತೋರಿಸಿದ. ‘ನೋಡ್ರಿ ಸರ.’ ಲಿವರಿನ ಚಿತ್ರವನ್ನು ಆಮೇಲೆ ನಾನು ಹೆಚ್ಚು ಹೊರಗೆ ತೆಗೆದಿಲ್ಲ.

2. ಶ್ರಾವಣ ಹಿಡಿದವನನ್ನು ಹಗುರವಾಗಿ ನೋಡಬೇಡಿ, ಒಬ್ಬನೇ ಬಿಡಲೂ ಬೇಡಿ

‘ಶ್ರಾವಣದಾಗ ತಿಂಗಳಗಟ್ಲೆ ಮುಟ್ಟೂದಿಲ್ರಿ, ನಾ ಹೆಂಗ ಕುಡುಕ ಆಗ್ತೀನಿ?’ ನಮ್ಮ ಭಾಗದ ಸಾಮಾನ್ಯ ವಾದ ಇದು. ಅಯ್ಯಪ್ಪನ ಮಾಲೆ ಹಾಕಿದವರದೂ ಇದೇ. ಮೊದಲು ನಾನು ಇದನ್ನು ನೆಪ ಎಂದುಕೊಳ್ಳುತ್ತಿದ್ದೆ. ಈಗ ಬಂಡವಾಳ ಎನ್ನುತ್ತೇನೆ. ಆ ತಿಂಗಳು ಸಂಜೆ ಏಳಕ್ಕೆ ಎಲ್ಲಿರುತ್ತಿದ್ದಿರಿ, ಯಾರ ಜೊತೆ ಕೂಡುತ್ತಿದ್ದಿರಿ, ರೊಕ್ಕ ಯಾರ ಕೈಯಲ್ಲಿರುತ್ತಿತ್ತು ಎಂದು ಕೇಳಿದರೆ ಅರ್ಧ ಚಿಕಿತ್ಸೆ ಅವನ ಬಾಯಿಂದಲೇ ಬರುತ್ತದೆ.

ಅಪಾಯವೂ ಅಲ್ಲೇ ಇದೆ. ವರ್ಷಗಟ್ಟಲೆ ದಿನವೂ ಕುಡಿದವನು ಅಮಾವಾಸ್ಯೆಯ ರಾತ್ರಿ ಕೊನೆಯ ಸಲ ಕುಡಿದು ಪಾಡ್ಯದಿಂದ ಒಮ್ಮೆಲೇ ನಿಲ್ಲಿಸುತ್ತಾನೆ. ಆರು ತಾಸಿನಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಬುದ್ಧಿ ಕಲಕಬಹುದು. ಗದಗಿನಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದವನೊಬ್ಬನಿಗೆ ಹಾಗಾಯಿತು. ಮೂರನೇ ರಾತ್ರಿ ಹಾಸಿಗೆಯ ಮೇಲೆ ಕೂತು, ಇಲ್ಲದ ಮೆಣಸಿನಕಾಯಿಯನ್ನು ಇಲ್ಲದ ಹಿಟ್ಟಿನಲ್ಲಿ ಅದ್ದಿ ಗಾಳಿಗೆ ಬಿಡುತ್ತಿದ್ದ. ಮೈ ಬೆವೆತು ನೀರಾಗಿತ್ತು. ‘ಎಣ್ಣಿ ಕಾದೈತಿ, ಸರೀರಿ’ ಎಂದು ಹೆಂಡತಿಯನ್ನು ದೂಡುತ್ತಿದ್ದ. ಗಾಳಿ ಸೋಂಕಿದೆ ಎಂದು ಮನೆಯವರು ದೇವರು ಕೇಳಲು ಒಯ್ದರು. ಒಂದು ಹಗಲು ಒಂದು ರಾತ್ರಿ ಅದರಲ್ಲೇ ಹೋಯಿತು. ದವಾಖಾನೆ ಮುಟ್ಟಿದಾಗ ಜ್ವರ ಏರಿತ್ತು. ಉಳಿದ. ಹೀಗೆ ತಡವಾಗಿ ಬಂದವರೆಲ್ಲ ಉಳಿದಿಲ್ಲ.

ಇನ್ನೊಂದು ಮಾತು. ನಿತ್ರಾಣವಾದರೆ ‘ಒಂದು ಸಲೈನ್ ಹಚ್ಚಿಬಿಡ್ರಿ’ ಅನ್ನುವುದು ನಮ್ಮಲ್ಲಿ ರೂಢಿ. ಊಟ ಬಿಟ್ಟು ಕುಡಿದವನ ಮೈಯಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲುಕೋಸ್ ಹರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಡಾಕ್ಟರರಿಗೆ ಕುಡಿತದ ವಿಷಯ ಮುಚ್ಚಿಡಬೇಡಿ ಎಂದು ನಾವು ಹೇಳುವುದು ಇದಕ್ಕೇ.

3. ಜೊತೆಗೆ ಬಂದವರ ಮಾತು ಕೇಳಿ, ಅವರು ಕೇಳಿದ್ದನ್ನೆಲ್ಲ ಕೊಡಬೇಡಿ

ಒಬ್ಬನೇ ಬಾಗಿಲು ತಳ್ಳಿಕೊಂಡು ಬರುವವನು ಅಪರೂಪ. ಹೆಂಡತಿ ಕರೆತಂದರೆ ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ಚೀಟಿಗಳಿರುತ್ತವೆ. ತಾಯಿ ಕರೆತಂದರೆ ‘ನನ್ನ ಮಗ ಬಂಗಾರ, ಗೆಳ್ಯಾರು ಕೆಡಿಸ್ಯಾರ’ ಎಂಬ ಮಾತಿರುತ್ತದೆ. ಹೊರಟು ನಿಂತಾಗ ಹೆಂಡತಿ ಒಂದು ಹೆಜ್ಜೆ ಹಿಂದೆ ಉಳಿದು ಕೇಳುತ್ತಾಳೆ: ‘ಅವ್ರಿಗೆ ಗೊತ್ತಾಗದಂಗ ಚಾದಾಗ ಹಾಕೂ ಗುಳಗಿ ಇದ್ರ ಕೊಡ್ರಿ ಅಣ್ಣಾರ.’

ಅವಳು ಕೇಳುತ್ತಿರುವುದು ಡೈಸಲ್ಫಿರಾಮ್. ಅದನ್ನು ನುಂಗಿದ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾಗಬಹುದು. ತಿಳಿದು, ಒಪ್ಪಿ ತೆಗೆದುಕೊಳ್ಳುವವನಿಗೆ ಅದು ಬೇಲಿ, ತಿಳಿಯದವನಿಗೆ ಉರುಲು. ಚಿಕಿತ್ಸೆಗೆ ಒಪ್ಪಿಗೆ ಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ, ಮದ್ಯ ಮತ್ತು ಮಾದಕ ವ್ಯಸನ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಕಾಯ್ದೆಯ ಮಾತು ಆ ಹೆಂಡತಿಗೆ ಬೇಕಾಗಿರುವುದಿಲ್ಲ. ಅವಳನ್ನು ಕೂಡಿಸಿ ಮೊದಲು ಚಹಾ ಕೊಡಬೇಕು. ಮೂರು ವರ್ಷದಿಂದ ನಿದ್ದೆಗೆಟ್ಟವಳು ಅವಳೂ ಹೌದು.

4. ಹೆಣ್ಣುಮಕ್ಕಳು ರೋಗಿಯ ಕುರ್ಚಿಯಲ್ಲಿ ಕೂಡುವುದಿಲ್ಲ

ಸುಟ್ಟ ತಂಬಾಕಿನಲ್ಲಿ ದಿನಕ್ಕೆ ನಾಲ್ಕು ಸಲ ಹಲ್ಲು ತಿಕ್ಕುವವರು, ನಿದ್ದೆ ಗುಳಿಗೆ ಬಿಟ್ಟಿರಲಾಗದವರು ಗಂಡನ ಜೊತೆಗಾರರಾಗಿ ಬಂದು ಹೋಗುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳಬೇಕು ಎಂಬುದು ನನಗೆ ಹೊಳೆಯಲು ಹತ್ತು ವರ್ಷ ಹಿಡಿಯಿತು.

5. ಹುಡುಗರು ಬೇರೆ ದಾರಿಯಿಂದ ಬರುತ್ತಾರೆ

ಹದಿನೆಂಟು, ಇಪ್ಪತ್ತರ ವಯಸ್ಸಿನವರಲ್ಲಿ ಗಾಂಜಾ, ನೋವಿನ ಗುಳಿಗೆ, ಪಂಕ್ಚರ್ ಸಲ್ಯೂಶನ್ ಮಾತು ಬರುತ್ತದೆ. ನಲವತ್ತರ ಕುಡುಕ ಸೋತು ಬಂದಿರುತ್ತಾನೆ, ಇವರನ್ನು ಅಪ್ಪ ಎಳೆದು ತಂದಿರುತ್ತಾನೆ. ‘ನನಗೇನಾಗೈತಿ’ ಎಂದು ಮೊಬೈಲು ನೋಡುತ್ತ ಕೂಡುತ್ತಾರೆ. ಇವರೊಡನೆ ನಶೆಯ ಮಾತು ತೆಗೆದರೆ ಕೆಟ್ಟಿತು. ನಿದ್ದೆ ಹೇಗಿದೆ, ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ತಲೆ ಎತ್ತುತ್ತಾರೆ.

ಅಪ್ಪಂದಿರ ಭಯ ಪೊಲೀಸರದು. ತೋರಿಸಿದರೆ ಕೇಸಾಗುತ್ತದೆಂದು ವರ್ಷಗಟ್ಟಲೆ ಬಚ್ಚಿಡುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ತಿರುಗಿಸಿಯೇ ಹೇಳುತ್ತದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮಾನ್ಯತೆಯುಳ್ಳ ಕೇಂದ್ರಕ್ಕೆ ಬಂದು ಚಿಕಿತ್ಸೆ ಪೂರೈಸಿದರೆ ವಿಚಾರಣೆಯಿಂದ ರಕ್ಷಣೆ ಉಂಟು. ಈ ಮಾತನ್ನು ಕಾಲೇಜುಗಳ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಪೋಸ್ಟರಿನಲ್ಲಿ ತಲೆಬುರುಡೆ ಮಾತ್ರ ಇರುತ್ತದೆ.

6. ಐದನೇ ಸಲ ಬಂದವನಿಗೆ ಕುರ್ಚಿ ಎಳೆದು ಕೊಡಿ

ಇದು ನನ್ನ ತಪ್ಪಿನಿಂದ ಕಲಿತದ್ದು. ಶಿರಹಟ್ಟಿ ಕಡೆಯ ಒಬ್ಬ ಮೂರನೇ ಸಲ ಬಂದಾಗ ಬಾಗಿಲಲ್ಲೇ ‘ಮತ್ತ ಬಂದ್ಯಾ?’ ಅಂದೆ. ಸಲಿಗೆಯಿಂದ ಅಂದದ್ದು. ಅವನು ನಕ್ಕ, ಚಪ್ಪಲಿ ಬಿಟ್ಟವನು ಮತ್ತೆ ಮೆಟ್ಟಿಕೊಂಡ, ‘ಚಾ ಕುಡದು ಬರ್ತೀನ್ರಿ’ ಅಂದ. ಬರಲಿಲ್ಲ. ಸಕ್ಕರೆ ಕಾಯಿಲೆಯವನು ಸಕ್ಕರೆ ಏರಿಸಿಕೊಂಡು ಬಂದರೆ ನಾವು ಹೀಗೆ ಕೇಳುವುದಿಲ್ಲ. ಮರಳಿ ಬಂದವನು ಎಲ್ಲಿ ಜಾರಿದೆ ಎಂಬುದನ್ನು ಗೊತ್ತು ಮಾಡಿಕೊಂಡು ಬಂದಿರುತ್ತಾನೆ: ಪಗಾರದ ಸಂಜೆ, ಹೆಣದ ಮನೆ, ಅಳಿಯನ ಲಗ್ನ. ಮೊದಲ ಸಲ ಬಂದವನಿಗೆ ಇದು ಗೊತ್ತಿರುವುದಿಲ್ಲ.

7. ಮೇಲಿನ ಪಾಠಗಳೆಲ್ಲ ಬಂದವರವು

2019ರಲ್ಲಿ ಕೇಂದ್ರ ಸರಕಾರ ಏಮ್ಸ್ ಮೂಲಕ ನಡೆಸಿದ ಸಮೀಕ್ಷೆಯ ವರದಿ ಬಂತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಅಥವಾ ನೆರವು ಸಿಕ್ಕಿದೆ, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಾನು ಇಷ್ಟು ವರ್ಷ ನೋಡಿದ್ದು ಆ ಒಬ್ಬನನ್ನು. ಉಳಿದ ಮೂವತ್ತೇಳು ಮಂದಿಯ ಕಡೆಗೆ ತಾವೇ ನಡೆದುಹೋದವರು ಇಳಕಲ್ಲಿನ ಮಹಾಂತ ಸ್ವಾಮೀಜಿ. ಮನೆಮನೆಗೆ ಜೋಳಿಗೆ ಒಡ್ಡಿ ‘ನಿಮ್ಮ ಚಟ ಭಿಕ್ಷೆ ಹಾಕಿ’ ಎಂದು ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಹಾಕಿದವನಿಗೆ ಮೂರನೇ ದಿನ ಗುಳಿಗೆ ಬೇಕಾದೀತು, ಅದು ದವಾಖಾನೆಯ ಕೆಲಸ. ಆದರೆ ಬಾಗಿಲ ತನಕ ಹೋಗುವ ಆ ನಡಿಗೆಯನ್ನು ನಮ್ಮ ಕೇಂದ್ರಗಳು ಇನ್ನೂ ಕಲಿತಿಲ್ಲ.

ಲಕ್ಷ್ಮೇಶ್ವರ, ಮುಂಡರಗಿ ಕಡೆಯವರು ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446ಕ್ಕೆ ಫೋನು ಮಾಡಿ, ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಬರುವಾಗ ಒಂದು ಚೀಟಿಯಲ್ಲಿ, ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆದುಕೊಂಡು ಬನ್ನಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.