ಬೆಳಕಿಗೊಂದು ಆಂಟೆನಾ

ರಿಚರ್ಡ್ಸ್ ಟೌನಿನ ಮನೆಗಳ ಮಾಳಿಗೆಯ ಮೇಲೆ ಒಂದು ಕಾಲಕ್ಕೆ ನಿಂತಿದ್ದ ಟೆಲಿವಿಷನ್ ಆಂಟೆನಾಗಳು ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ನೆನಪಿರಬಹುದು. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದ ತರುವಾಯ, ಮೀನಿನ ಮುಳ್ಳಿನಂತೆ ಅಡ್ಡಕಡ್ಡಿಗಳುಳ್ಳ ಈ ಸಾಧನವು ಮನೆಮನೆಯ ಮೇಲೂ ಏರಿತು. ಚಿತ್ರವು ಮಸುಕಾದಾಗ ಒಬ್ಬರು ಮೇಲೆ ಹತ್ತಿ ಅದನ್ನು ತಿರುಗಿಸುವುದೂ, ಕೆಳಗಿನವರು ‘ಸಾಕು, ಸಾಕು’ ಎಂದು ಕೂಗುವುದೂ ವಾಡಿಕೆಯಾಗಿದ್ದಿತು.

ರೇಡಿಯೋ ಅಲೆಯೂ ಬೆಳಕೂ ಒಂದೇ ಜಾತಿಯವು. ಅಲೆಯ ಉದ್ದದಲ್ಲಿ ಮಾತ್ರ ಭೇದವುಂಟು. ಹಾಗಾದರೆ ಬೆಳಕಿಗೂ ಆಂಟೆನಾ ಏಕಿರಬಾರದು? ಆಂಟೆನಾದ ಕಡ್ಡಿಯು ಅಲೆಯ ಸುಮಾರು ಅರ್ಧದಷ್ಟಿರತಕ್ಕದ್ದು. ಹಸುರು ಬೆಳಕಿನ ಅಲೆಯು ಸುಮಾರು 530 ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರು. ಇಷ್ಟು ಸಣ್ಣ ಕಡ್ಡಿಗೆ ಚಿನ್ನವೂ ಬೆಳ್ಳಿಯೂ ತಕ್ಕವು. ಬೆಳಕು ಸೋಕಿದೊಡನೆ ಅವುಗಳ ಎಲೆಕ್ಟ್ರಾನುಗಳು ತೊಟ್ಟಿಯ ನೀರಿನಂತೆ ಒಟ್ಟಾಗಿ ತುಯ್ಯುತ್ತವೆ. ಈ ತುಯ್ತಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಚಿನ್ನದ ಸೂಕ್ಷ್ಮಕಣಗಳು ಬೆರೆತ ಗಾಜು ಕೆಂಪಾಗಿ ತೋರುವುದಕ್ಕೂ ಇದೇ ಕಾರಣವು.

ಇನ್ನು ದೀಪವು ಯಾವುದು? ಕೆಲವೇ ನ್ಯಾನೊಮೀಟರು ಅಗಲದ ಅರೆವಾಹಕ ಹರಳು, ಅಂದರೆ ಕ್ವಾಂಟಮ್ ಡಾಟ್. ಹರಳು ಕಿರಿದಾದಷ್ಟು ಬೆಳಕು ನೀಲಿಯ ಕಡೆಗೂ, ಹಿರಿದಾದಷ್ಟು ಕೆಂಪಿನ ಕಡೆಗೂ ಸರಿಯುವುದು. ಇದನ್ನು ಕಂಡು ತಯಾರಿಸಿದ ಮೂವರಿಗೆ 2023ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಒಂಟಿ ಹರಳಿನ ಬೆಳಕು ದಿಕ್ಕುದಿಕ್ಕಿಗೆ ಚದುರಿಹೋಗುವುದು. 2010ರಲ್ಲಿ ಬಾರ್ಸಿಲೋನಾದ ವಿಜ್ಞಾನಿಗಳು ನಮ್ಮ ಮಾಳಿಗೆಯ ಆಂಟೆನಾದ ಮಾದರಿಯಲ್ಲೇ ಐದು ಚಿನ್ನದ ಕಡ್ಡಿಗಳನ್ನು ಸಾಲಾಗಿಟ್ಟು, ಒಂದರ ತುದಿಯಲ್ಲಿ ಕ್ವಾಂಟಮ್ ಡಾಟನ್ನು ನಿಲ್ಲಿಸಿ, ಬೆಳಕನ್ನು ಒಂದೇ ಕಡೆಗೆ ಹರಿಯಿಸಿದರು.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದು ದೂರದ ವಿಚಾರ. ದೀಪವು ಲೋಹಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದೆಂದು ತೋರುವುದು ಸಹಜ. ಹಾಗಲ್ಲ. 2006ರಲ್ಲಿ ಅಮೆರಿಕದ ರೋಚೆಸ್ಟರಿನಲ್ಲಿ ಹೊಳೆಯುವ ಒಂದು ಅಣುವಿನ ಬಳಿಗೆ 80 ನ್ಯಾನೊಮೀಟರಿನ ಚಿನ್ನದ ಗುಂಡನ್ನು ತಂದು ನೋಡಿದರು. ಸುಮಾರು 5 ನ್ಯಾನೊಮೀಟರು ದೂರದಲ್ಲಿ ಹೊಳಪು ಅತ್ಯಧಿಕವಾಯಿತು. ಇನ್ನೂ ಸಮೀಪಿಸಲು ಬೆಳಕಾಗಬೇಕಾದ ಶಕ್ತಿಯು ಲೋಹದಲ್ಲಿ ಶಾಖವಾಗಿ ನಷ್ಟವಾಯಿತು. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಹಿರಿಯರ ಮಾತಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ಸಂಶೋಧಕರೂ ಚಿನ್ನದ ಕಣಗಳನ್ನೂ ಕ್ವಾಂಟಮ್ ಡಾಟುಗಳನ್ನೂ ಕೂಡಿಸಿ ಜೋಡಿಸಿ, ಹೊಳಪು ಹೆಚ್ಚುವುದನ್ನೂ ಕುಂದುವುದನ್ನೂ 2011ರಲ್ಲಿ ಪ್ರಕಟಿಸಿದರು.

ಆದುದರಿಂದ ಇಂಥ ಆಂಟೆನಾವನ್ನು ರಚಿಸುವವರು ಲೋಹ, ಆಕಾರ, ಅಳತೆಗಳನ್ನು ಗೊತ್ತುಮಾಡಿದರೆ ಸಾಲದು. ನಡುವಣ ತೆರವನ್ನೂ ಅಳೆಯಬೇಕು. ಮಾಳಿಗೆ ಹತ್ತಿ ಕಡ್ಡಿಯನ್ನು ಬೆರಳಗಲ ತಿರುಗಿಸುತ್ತಿದ್ದವರು ಕಾಯುತ್ತಿದ್ದ ‘ಸಾಕು’ ಎಂಬ ಕೂಗನ್ನೇ ಇವರೂ ಕಾಯುತ್ತಾರೆ. ಆ ಕೂಗನ್ನು ಕೇಳುವ ಪ್ರಯೋಗಶಾಲೆಯು ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿದೆ ಎಂಬುದನ್ನು ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕೆಂದು ನಾವು ಬಯಸುತ್ತೇವೆ.