ಎತ್ತರದ ಕಟ್ಟಡಗಳ ನಡುವೆ ಉಸಿರು ಕಟ್ಟದಿರಲಿ

“ಡಾಕ್ಟ್ರೇ, ಕೆಲಸಕ್ಕೆ ರಜೆ ಇದ್ದ ದಿನ ಕೆಮ್ಮು ಕಡಿಮೆ, ಮಾರನೇ ದಿನ ಮತ್ತೆ ಅದೇ ದಮ್ಮು.” ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು ಹೀಗೆ ಹೇಳಿದಾಗ ವೈದ್ಯರು ಮೊದಲು ಕೇಳಬೇಕಾದದ್ದು, “ಒಲೆ ಎಲ್ಲಿದೆ? ಮಕ್ಕಳು ಎಲ್ಲಿ ಮಲಗುತ್ತಾರೆ?” ಎಂಬುದನ್ನು. ಗೂಡು ಬೇಯಿಸುವ ಹಬೆಯಲ್ಲಿ ರೇಷ್ಮೆಯ ಪ್ರೋಟೀನಿನ ಸೂಕ್ಷ್ಮ ಕಣಗಳಿರುತ್ತವೆ. ಕೆಲವರಿಗೆ ಇವು ಒಗ್ಗದೆ ಅಸ್ತಮಾ ಬರುತ್ತದೆ. ಸೌದೆ ಹೊಗೆಯೂ ಸೇರಿದರೆ ತೊಂದರೆ ಇಮ್ಮಡಿ. ಒಲೆಯೂ ಹಾಸಿಗೆಯೂ ಒಂದೇ ಸೂರಿನಡಿ ಇದ್ದರೆ ಮಗುವಿಗೂ ಬಿಡುವಿಲ್ಲ.

ಯಾವ ಜಾಗದಲ್ಲಿ ಏನಿರಬೇಕು ಎಂಬುದೂ ಆರೋಗ್ಯದ ಪ್ರಶ್ನೆಯೇ. 2007ರಲ್ಲಿ ಜಿಲ್ಲೆಯಾದ ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರಿನೊಂದಿಗೆ ಬಹುಮಹಡಿ ಕಟ್ಟಡಗಳೂ ಬರುತ್ತವೆ. ಹಾಗಾಗಿ ಈ ಪಾಠ ಈಗಲೇ ಬೇಕು.

ಬೀದಿ ಬಾವಿಯಾದಾಗ

ಕಿರಿದಾದ ರಸ್ತೆಯ ಎರಡೂ ಬದಿಗೆ ಎತ್ತರದ ಕಟ್ಟಡಗಳು ಒತ್ತಾಗಿ ನಿಂತರೆ ಗಾಳಿ ಅವುಗಳ ತಲೆಯ ಮೇಲೆಯೇ ಹಾದುಹೋಗುತ್ತದೆ. ಕೆಳಗಿನ ವಾಹನದ ಹೊಗೆ ಬಾವಿಯೊಳಗಿನಂತೆ ಅಲ್ಲೇ ಸುಳಿಯುತ್ತದೆ. ಚಳಿಗಾಲದ ಮುಂಜಾನೆ ತಣ್ಣನೆಯ ಗಾಳಿ ನೆಲಕ್ಕಂಟಿಕೊಂಡಾಗ ಇದು ಇನ್ನೂ ಹೆಚ್ಚು. ಎತ್ತರವೊಂದೇ ತಪ್ಪಲ್ಲ. ಕಟ್ಟಡಗಳ ನಡುವೆ ಅಂತರ, ಕೆರೆ, ಬಯಲು ಉಳಿದರೆ ಗಾಳಿಗೆ ದಾರಿ ಸಿಗುತ್ತದೆ.

ಕಟ್ಟಡಕ್ಕೆ ಬೇಕಾದ ಜಲ್ಲಿಗೂ ಬೆಲೆ ಇದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಇಲ್ಲಿನ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿಗೂ ಅದೇ ಹೆಸರು. ಆ ಕಲ್ಲನ್ನು ಒಡೆದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಹೋದರೆ ಸಿಲಿಕೋಸಿಸ್ ಬರುತ್ತದೆ. ಒಮ್ಮೆ ಗಡುಸಾದ ಶ್ವಾಸಕೋಶ ಮತ್ತೆ ಮೊದಲಿನಂತಾಗದು.

ಎಷ್ಟು ಸುರಕ್ಷಿತ?

ಕೂದಲೆಳೆಯ ಸುಮಾರು ಮೂವತ್ತನೇ ಒಂದು ಭಾಗದಷ್ಟು ಸಣ್ಣದಾದ ಪಿಎಂ 2.5 ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತಕ್ಕೂ ಸೇರಬಲ್ಲವು. ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ ಮಿತಿ ನಮ್ಮ ದೇಶದ 2009ರ ಮಾನದಂಡದಂತೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಮಿತಿಯೊಳಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ನೀವು ಮಾಡಬಹುದಾದದ್ದು

* ನೂಲು ಬಿಚ್ಚುವ ಕೋಣೆಯನ್ನು ಮಲಗುವ ಕೋಣೆಯಿಂದ ಬೇರ್ಪಡಿಸಿ. ಹೊಗೆಕೊಳವೆ ಸೂರಿಗಿಂತ ಮೇಲಿರಲಿ, ಹಬೆ ಹೊರಹೋಗಲು ಫ್ಯಾನ್ ಇರಲಿ.
* ಮನೆ ಕೊಳ್ಳುವಾಗ ನೀರು, ರಸ್ತೆಯ ಜೊತೆಗೆ ಗಾಳಿ ಯಾವ ಕಡೆಯಿಂದ ಬರುತ್ತದೆಂದೂ ನೋಡಿ. ಹೆದ್ದಾರಿ ಕಡೆಯ ಕಿಟಕಿಯನ್ನು ವಾಹನ ಹೆಚ್ಚಿರುವ ಹೊತ್ತಿನಲ್ಲಿ ಮುಚ್ಚಿ.
* ಕಸ, ಒಣಗಿದ ಎಲೆ ಸುಡಬೇಡಿ.
* ಧೂಳಿನ ಕೆಲಸಕ್ಕೆ ಕರವಸ್ತ್ರ ಸಾಲದು. ಎನ್95 ಮುಖವಾಡ ಬೇಕು. ಕಲ್ಲಿಗೆ ನೀರು ಚಿಮುಕಿಸುವುದು ಅದಕ್ಕಿಂತ ಮುಖ್ಯ.
* ಇನ್‌ಹೇಲರ್ ಚಟವಾಗುತ್ತದೆಂಬುದು ತಪ್ಪು ತಿಳಿವಳಿಕೆ. ವೈದ್ಯರು ಹೇಳಿದಂತೆ ಬಳಸಿ.

ಉಸಿರಾಡುವಾಗ ಮಗುವಿನ ಪಕ್ಕೆ ಒಳಸೆಳೆದರೆ, ತುಟಿ ನೀಲಿಯಾದರೆ, ಮಾತಾಡಲೂ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಊರಿನ ನಗರ ಯೋಜನೆಯ ನಕ್ಷೆ ಆಕ್ಷೇಪಣೆಗೆ ಬಂದಾಗ ಹೋಗಿ ನೋಡಿ. ಶಾಲೆಯ ಪಕ್ಕ ಏನು ಬರಲಿದೆ ಎಂದು ಕೇಳಿ. ಔಷಧ ಚೀಟಿ ಬರೆಯುವುದು ನಮ್ಮ ಕೆಲಸ. ಆ ಪ್ರಶ್ನೆ ಕೇಳುವುದು ನಿಮ್ಮದು.